ಇಲ್ಲದ ಅಜ್ಜಿಯ ಸ್ನಾನದ ನೀರು

ಅಕ್ಕ ಗುಡ್ಡದ ಮೇಲಿನ ಹೊಸ ಬಡಾವಣೆಯ ನಲ್ಲಿ ಕೆಲಸ ಒಪ್ಪಿಕೊಂಡು ಬಂದ ದಿನದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಕುಳಿತರೆ ಎದ್ದು ಪೈಪುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದೆ, ಜೋಡಿಸಿದ್ದನ್ನು ಕೆದರಿ ದಪ್ಪದ ಪ್ರಕಾರ ಮತ್ತೆ ಜೋಡಿಸುತ್ತಿದ್ದೆ. ಫೋನು ಬಡಿದುಕೊಂಡರೆ ಎತ್ತಲು ಹಿಂದೆಮುಂದೆ ನೋಡುತ್ತಿದ್ದೆ. ಎತ್ತಿದ ಮೇಲೂ ನನ್ನ ದನಿ ಆ ಕಡೆಯವರಿಗೆ ಕೇಳಿಸುತ್ತಿರಲಿಲ್ಲ; ‘ಯಾರೂ ಇಲ್ಲ’ ಎಂದುಕೊಂಡು ಅವರೇ ಇಟ್ಟುಬಿಡುತ್ತಿದ್ದರು. ಪೈಪು ಕೂಡಿಸುವ ನಮ್ಮ ಖಾದರಣ್ಣ, “ಕುಮುದಮ್ಮ ಇರೋ ತನಕ ನಮ್ಮ ಅಂಗಡಿಗೆ ಬೀಗ ಬೇಕಾಗಿಲ್ಲ, ಬಂದವರೆಲ್ಲ ಬಾಗಿಲು ಹಾಕಿದೆ ಅಂತ ವಾಪಸ್ ಹೋಗ್ತಾರೆ” ಎನ್ನುತ್ತಿದ್ದ. ಬಿ.ಕಾಂ. ಮುಗಿಸಿ ಎಲ್ಲಿಗೂ ಅರ್ಜಿ ಹಾಕದೆ ಅಂಗಡಿಯ ಮೂಲೆ ಹಿಡಿದವಳು ನಾನು. ಬಸ್ಸಿನಲ್ಲಿ ಇಳಿಯಬೇಕಾದ ಕಡೆ ನಿಲ್ಲಿಸಿ ಎನ್ನಲಾಗದೆ ಎಷ್ಟೋ ಸಲ ಮುಂದಿನ ನಿಲ್ದಾಣದಿಂದ ನಡೆದು ಬಂದಿದ್ದೇನೆ. ಆಡದೆ ಉಳಿದ ಮಾತೆಲ್ಲ ದಿನಚರಿಗೆ ಹೋಗುತ್ತಿತ್ತು.

ಬೇರೆ ಊರಾಗಿದ್ದರೆ ನಲ್ಲಿ ಕೆಲಸದ ಅಂಗಡಿಯಲ್ಲಿ ಇಂಥವಳೊಬ್ಬಳು ಹೇಗೋ ನಡೆದುಹೋಗುತ್ತಿದ್ದಳು. ನಮ್ಮೂರಲ್ಲಿ ನೀರು ಕರೆಯದೆ ಬರುವುದಿಲ್ಲ. ಪೈಪು ಹಾಕಿ, ಟ್ಯಾಂಕು ಕೂರಿಸಿ, ನಲ್ಲಿ ತಿರುಗಿಸಿ ಮುಗಿದ ಮೇಲೆ ಯಾರಾದರೊಬ್ಬರು ಅದರ ಮುಂದೆ ನಿಂತು ಈ ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ಹೊತ್ತಿಗೆ ಯಾರಿಗೆ ಏನಕ್ಕೆ ನೀರು ಬೇಕು ಎಂದು ಹೇಳಿ ಕರೆಯಬೇಕು. ಒಮ್ಮೆ ಬಂದರೆ ಆಮೇಲೆ ಆ ಮನೆಯವರದೇ ಬಳಕೆ. ಸೊಸೆ ಬಂದರೆ ಅತ್ತೆ ಅವಳ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತಾಳೆ. ಮನೆ ಮಾರಿದವರು ಬೀಗದ ಕೈ ಕೊಡುವ ಮುಂಚೆ ಕೊಂಡವರನ್ನು ನಲ್ಲಿಯ ಹತ್ತಿರ ನಿಲ್ಲಿಸಿ, “ಇನ್ನು ಮುಂದೆ ಇವರು” ಎಂದು ಹೇಳಿ ಹೋಗುತ್ತಾರೆ. ಗೊತ್ತಿರುವವರು ಹೇಳಿದರೆ ನೀರು ಕೇಳುತ್ತದೆ, ಹೊಸಬರು ಎಷ್ಟು ಬಡಿದುಕೊಂಡರೂ ಇಲ್ಲ.

ಊರಿನ ಅರ್ಧ ನಲ್ಲಿಗಳಿಗೆ ನೀರು ಕರೆದದ್ದು ನಮ್ಮಪ್ಪ. ಅವರ ಪದ್ಧತಿ ನಿಧಾನದ್ದು. ಮೊದಲು ಆ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯಬೇಕು, ಮನೆಯವರ ಕಥೆಯೆಲ್ಲ ಕೇಳಬೇಕು, ಆಮೇಲೆ ಎದ್ದು ನಲ್ಲಿಯ ಮುಂದೆ ನಿಂತು ಎದೆ ತುಂಬ ಉಸಿರೆಳೆದುಕೊಂಡು ಕೂಗಬೇಕು. ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಹಾಗೆ ಕೂಗಿ ಕೂಗಿ ಅವರ ಗಂಟಲು ಹೋಯಿತು. ಆಪರೇಷನ್ ಆದ ಮೇಲೆ ಬರೀ ಉಸಿರು ಉಳಿಯಿತು, ದನಿ ಉಳಿಯಲಿಲ್ಲ. ಈಗ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಸಿಟ್ಟು ಬಂದರೆ ಪೈಪು ಬಿಗಿಯುವ ರಿಂಚಿನಿಂದ ಕಬ್ಬಿಣದ ಪೈಪಿಗೆ ಬಡಿಯುತ್ತಾರೆ. ಅವರಾದ ಮೇಲೆ ಅಕ್ಕ ಶಾಂಭವಿ ಕರೆಯತೊಡಗಿದಳು. ಅಕ್ಕನ ದನಿ ಅಪ್ಪನದಕ್ಕಿಂತ ದೊಡ್ಡದು, ಆಸೆ ಅದಕ್ಕಿಂತಲೂ ದೊಡ್ಡದು. ಆದರೆ ಒಬ್ಬಳೇ ಎಷ್ಟು ಮನೆಗೆ ಹೋಗಬಲ್ಲಳು? ಖಾದರಣ್ಣ ಪೈಪು ಹಾಕಿ ಮುಗಿಸಿದ ಮನೆಗಳು ನಲ್ಲಿ ಬಾಯಿ ಬಿಟ್ಟುಕೊಂಡು ಅಕ್ಕನಿಗಾಗಿ ಕಾಯುತ್ತಿದ್ದವು. ಸಂತೆಯಲ್ಲಿ ಹರಾಜು ಕೂಗುವ ಓಬಣ್ಣನನ್ನು ಸಂಬಳಕ್ಕೆ ಇಟ್ಟುಕೊಂಡು ನೋಡಿದೆವು. ಒಳ್ಳೆಯ ಕಂಚಿನ ಕಂಠ. ಆದರೆ ಅಭ್ಯಾಸಬಲದಿಂದ ಅವನು ‘ಒಂದ್ಸಲ, ಎರಡ್ಸಲ’ ಎನ್ನುವಷ್ಟರಲ್ಲಿ ನೀರು ಗೊಂದಲವಾಗಿ ಪಕ್ಕದ ಮನೆಗೆ ಹೋಗಿಬಿಡುತ್ತಿತ್ತು. ಅವನನ್ನು ಬಿಡಿಸಿದೆವು.

ಈ ನಡುವೆ ಅಕ್ಕನ ದನಿಯೂ ಒಡೆಯಹತ್ತಿತ್ತು. ಸಂಜೆ ಮನೆಗೆ ಬಂದರೆ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುತ್ತಾ ಹಿತ್ತಲಲ್ಲಿ ನಿಲ್ಲುತ್ತಿದ್ದಳು. ಅಪ್ಪನೂ ಮೊದಲು ಹಾಗೇ ನಿಲ್ಲುತ್ತಿದ್ದರು. ಇನ್ನೊಬ್ಬರು ಕರೆಯುವವರು ಸಿಗದಿದ್ದರೆ ಅಕ್ಕನ ಗಂಟಲು ಹೋಗುತ್ತದೆ, ಅದರ ಹಿಂದೆ ಅಂಗಡಿಯೂ ಹೋಗುತ್ತದೆ ಎನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು. ಆ ಇನ್ನೊಬ್ಬರು ಯಾರಾಗಬೇಕು ಎನ್ನುವುದೂ ಗೊತ್ತಿತ್ತು. ಒಮ್ಮೆ ಪ್ರಯತ್ನಿಸಿದ್ದೆ. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ ನಲ್ಲಿಯ ಮುಂದೆ ಬಾಯಿ ತೆರೆದೆ. ನನ್ನ ಬಾಯೂ ಒಣಗಿತ್ತು, ನಲ್ಲಿಯ ಬಾಯೂ ಒಣಗಿತ್ತು. ಆ ಮನೆಯ ಮಗುವೊಂದು, “ಅಮ್ಮಾ, ಈ ಅಕ್ಕನಿಗೇ ನೀರು ಕೊಡು” ಎಂದಿತು.

ಗುಡ್ಡದ ಬಡಾವಣೆ ದಿವಾಕರ ಶೇಟ್ ಎಂಬವರದು. ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳು, ಇನ್ನೂ ಒಂದೂ ಮಾರಾಟವಾಗಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರಬೇಕು, ಅದನ್ನು ನೋಡಿ ಜನ ಕೊಳ್ಳಬೇಕು ಎಂದು ಶೇಟರ ಲೆಕ್ಕಾಚಾರ. ಈ ಕೆಲಸ ಚೆನ್ನಾಗಿ ಮುಗಿಸಿದರೆ ಕೆರೆಯ ಆಚೆ ಇದಕ್ಕಿಂತ ದೊಡ್ಡ ಬಡಾವಣೆಯ ಕೆಲಸವೂ ನಮಗೇ ಎಂದಿದ್ದರಂತೆ. ಅಕ್ಕ ಇದನ್ನು ಹೇಳಿ ಮುಗಿಸುವ ಮೊದಲೇ ಅಪ್ಪ ರಿಂಚು ಎತ್ತಿ ಪೈಪಿಗೆ ಬಡಿದರು. ಆಮೇಲೆ ಎರಡೂ ಕೈ ಬಿಚ್ಚಿ ಖಾಲಿ ಅಂಗೈ ತೋರಿಸಿದರು.

“ಮನೇಲಿ ಯಾರೂ ಇಲ್ಲ ಅಂತ ತಾನೇ ನೀವು ಹೇಳೋದು? ಗೊತ್ತು ಅಪ್ಪ” ಎಂದಳು ಅಕ್ಕ. “ನೀರಿಗೆ ಬೇಕಾಗಿರೋದು ಹೆಸರು, ಕೆಲಸ, ಹೊತ್ತು. ಕೊಟ್ಟರಾಯ್ತು. ನಮ್ಮ ಕುಮ್ಮಿ ಇದಾಳಲ್ಲ, ಇಲ್ಲದವರನ್ನೆಲ್ಲ ಬರೆದು ಬರೆದು ಗುಡ್ಡೆ ಹಾಕಿದಾಳೆ.”

“ನಾನು ಬರೆಯೋದು ನನ್ನ ದಿನಚರಿ” ಎಂದೆ.

“ಅದೇ. ನಿನಗೆ ದಿನಾ ಏನಾಗುತ್ತೆ ಬರೆಯೋಕೆ? ಎಲ್ಲ ಕಟ್ಟುಕಥೆಯೇ ಇರಬೇಕು. ನಡಿ.”

ಹೀಗೆ ನಾವು ಗುಡ್ಡ ಹತ್ತಿದೆವು. ಗೂಡ್ಸ್ ಆಟೋದಲ್ಲಿ ಖಾದರಣ್ಣನ ಪೈಪುಗಳ ಮಧ್ಯೆ ಕಾಲು ಮಡಿಸಿಕೊಂಡು ಕೂತು ನಾನು ಮನೆಗೊಂದು ಸಂಸಾರ ಯೋಚಿಸುತ್ತಿದ್ದೆ. ಮನೆಯೊಳಗೆ ಹೋಗಿ ಅಕ್ಕನ ಪಕ್ಕ ನಿಂತು ಅವಳ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೆ, ಅಕ್ಕ ಅದನ್ನೇ ನಲ್ಲಿಗೆ ಕೂಗಿ ಹೇಳುತ್ತಿದ್ದಳು. ಮೊದಲ ಮನೆಗೆ ತುಂಗಜ್ಜಿ ಎಂಬ ಮುದುಕಿಯನ್ನು ಕೊಟ್ಟೆ. ಬೆಳಕು ಹರಿಯುವ ಮುಂಚೆ ತಲೆಗೆ ಸ್ನಾನ, ಆಮೇಲೆ ಒಂದು ಬಿಂದಿಗೆ ತುಳಸಿಗೆ. ಇನ್ನೊಂದಕ್ಕೆ ಗಂಡ ಹೆಂಡತಿ ಮತ್ತು ಸದಾ ಬಟ್ಟೆ ಒದ್ದೆ ಮಾಡಿಕೊಳ್ಳುವ ಕೂಸು. ಮತ್ತೊಂದಕ್ಕೆ ಮೂರು ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಟೀಚರಮ್ಮ. ನೀರು ಎಲ್ಲೂ ಅನುಮಾನ ಪಡಲಿಲ್ಲ. ಗಳಗಳ ಸದ್ದು ಮಾಡುತ್ತಾ ಗುಡ್ಡ ಹತ್ತಿ ಬಂತು. ಇಷ್ಟು ಜನ ನನ್ನ ಬಾಯಿಂದ ಹೊರಟು ಮನೆಗಳಲ್ಲಿ ಹೋಗಿ ಕೂರುತ್ತಿದ್ದುದು ನನಗೆ ಖುಷಿಯಾಗುತ್ತಿತ್ತು. ಒಂದು ಮನೆಯಲ್ಲಂತೂ ನಾನು ಕಿವಿಯಲ್ಲಿ ಹೇಳಿ ಮುಗಿಸಿದ್ದೆ, ಅಕ್ಕ ಇನ್ನೂ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟರಲ್ಲೇ ನೀರು ಬಂದುಬಿಟ್ಟಿತು. ಖಾದರಣ್ಣ, “ಪ್ರೆಷರ್ರು” ಎಂದ. ನಾವೂ ಹಾಗೇ ಅಂದುಕೊಂಡೆವು.

ಕೊನೆಯ ಮನೆಗೆ ಬರುವಷ್ಟರಲ್ಲಿ ನನ್ನ ಸಂಸಾರಗಳೆಲ್ಲ ಖರ್ಚಾಗಿ ಹೋಗಿದ್ದವು. “ಏನಾದ್ರೂ ಹೇಳೇ, ಹಸಿವು” ಎಂದು ಅಕ್ಕ ತಿವಿದಳು. ಒಬ್ಬಳು ಹುಡುಗಿ, ಎಂದೆ. ಒಬ್ಬಳೇ ಇರ್ತಾಳೆ. ಹನ್ನೊಂದು ಗಂಟೆ ಹೊತ್ತಿಗೆ ಕಾಫಿ ಕುಡಿದು ಒಂದು ಲೋಟ ತೊಳೀತಾಳೆ. ಕಿಟಕಿ ಹತ್ತಿರ ಒಂದು ಗಿಡ ಇದೆ, ಅದಕ್ಕೊಂದಿಷ್ಟು. ಅಷ್ಟೇ. “ಹೆಸರು?” ಎಂದಳು ಅಕ್ಕ. ಇನ್ನೂ ಇಟ್ಟಿಲ್ಲ ಎಂದೆ. ಅಕ್ಕ ನನ್ನನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿ, ಹೆಸರಿಲ್ಲದೆಯೇ ಕೂಗಿದಳು. ನೀರು ಬಂತು.

ಆಮೇಲಿನ ದಿನಗಳಲ್ಲಿ ಅಂಗಡಿ ನಿಂತಲ್ಲಿ ನಿಲ್ಲದಂತಾಯಿತು. ಬೋರ್ಡಿಗೆ ಹೊಸ ಬಣ್ಣ ಬಂತು. ಖಾದರಣ್ಣನ ಕೈಕೆಳಗೆ ಇನ್ನಿಬ್ಬರು ಬಂದರು. ಗುಡ್ಡದ ಮನೆಗಳು ಮಾರಾಟವಾಗಿ ಜನ ಸಾಮಾನು ತುಂಬಿಕೊಂಡು ಹೋಗುವುದನ್ನು ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೆರೆಯ ಆಚೆಯ ಬಡಾವಣೆಗೆ ಎಷ್ಟು ಪೈಪು ಬೇಕಾದೀತು ಎಂದು ಊಟದ ತಟ್ಟೆಯ ಮೇಲೆ ಬೆರಳಿನಲ್ಲಿ ಗೀಚುತ್ತಿದ್ದಳು. ಅಪ್ಪ ಮಾತ್ರ ಗುಡ್ಡದ ಕಡೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡರು.

ಮೊದಲು ಬಂದವಳು ಪ್ರೇಮಲೀಲಾ, ಬೇಕರಿಯಲ್ಲಿ ಕೆಲಸ ಮಾಡುವ ಮಲ್ಲೇಶಿಯ ಹೆಂಡತಿ. ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಿರಬಿರನೆ ಬಂದವಳು ಗಲ್ಲಾದ ಮೇಲೆ ಕೈಯೂರಿ ನಿಂತಳು.

“ಏನಮ್ಮ, ನಮ್ಮ ಮನೆ ನಲ್ಲಿ ಬೆಳಗಾಗೋ ಮುಂಚೆ ತಾನೇ ತಾನಾಗಿ ಸುರಿಯುತ್ತೆ. ತಿರುಪು ಬಿಗಿ ಮಾಡಿದ್ರೂ ಬಿಡಲ್ಲ, ದಡಬಡ ಬಡಿಯುತ್ತೆ. ಅದೂ ಉಗುರು ಬೆಚ್ಚಗೆ. ಒಂದು ಸ್ನಾನಕ್ಕಾಗುವಷ್ಟು, ಆಮೇಲೆ ಒಂದು ಬಿಂದಿಗೆ. ಮಧ್ಯಾಹ್ನ ನಮ್ಮ ಮನೆಯವರು ಮೈಯೆಲ್ಲ ಮೈದಾ ಮಾಡ್ಕೊಂಡು ಬರ್ತಾರೆ, ಆಗ ನೋಡಿದ್ರೆ ಒಂದು ತೊಟ್ಟಿಲ್ಲ. ಎದುರುಮನೆಯವಳು ಹೇಳ್ತಾಳೆ, ನೀವು ಕೂಗಿದ್ದನ್ನ ಗಾರೆ ಕೆಲಸದವರು ಕೇಳಿದ್ರಂತೆ, ಅದು ಯಾವುದೋ ಅಜ್ಜಿ ನೀರು ಅಂತೆ. ಇರೋ ಅತ್ತೇನೇ ಊರಲ್ಲಿ ಬಿಟ್ಟು ಬಂದಿದೀನಿ ನಾನು, ಇಲ್ಲದ ಅಜ್ಜಿಗೆ ನೀರು ಹಿಡೀಬೇಕಾ?”

ಅವಳ ಹಿಂದೆ ಉಳಿದವರೂ ಬಂದರು. ‘ಇನ್ನು ಮುಂದೆ ಇವರು’ ಎಂದು ನೀರಿಗೆ ಹೇಳಿ ಹೋಗಲು ಅವರ ಮನೆಗಳಲ್ಲಿ ಮುಂಚೆ ಯಾರೂ ಇರಲಿಲ್ಲವಲ್ಲ. ಕೂಸಿನ ಮನೆ ಕೊಂಡವನು ಒಂಟಿ ಲಾರಿ ಡ್ರೈವರು, ಫಕೀರಪ್ಪ. ಲೋಡು ಇಳಿಸಿ ಬಂದು ಕಣ್ಣು ಮುಚ್ಚಿದರೆ ಬಚ್ಚಲಲ್ಲಿ ಸೊರ್ ಎನ್ನುತ್ತದಂತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸೊರ್ ಎನ್ನುತ್ತದಂತೆ. ನೀರು ಸುಮ್ಮನೆ ಹೋಗುತ್ತಲ್ಲ ಎಂದು ಪಕ್ಕದ ಮನೆಯ ಕೂಸಿನ ಬಟ್ಟೆ ತಂದು ತಾನೇ ಒಗೆದುಕೊಡುತ್ತಿದ್ದ. “ಮದುವೆ ಇಲ್ಲ, ಮಕ್ಕಳಿಲ್ಲ, ಬಾಣಂತನ ಮಾತ್ರ ನಡೀತಾ ಇದೆ” ಎಂದು ಅವನು ನಗುತ್ತಲೇ ಹೇಳಿದ, ಕಣ್ಣುಗಳು ಮಾತ್ರ ನಿದ್ದೆಯಿಲ್ಲದೆ ಕೆಂಪಗಾಗಿದ್ದವು. ಟೀಚರಮ್ಮನ ಮನೆಯಲ್ಲಿದ್ದ ರಿಟೈರಾದ ಗಂಡಹೆಂಡತಿ ನೀರು ಸ್ಕೂಲಿನ ಹೊತ್ತಿಗಷ್ಟೇ ಬರುವುದರಿಂದ ಆಗಲೇ ಅವಸರದಲ್ಲಿ ಅಡಿಗೆ ಮಾಡಿಟ್ಟು, ದಿನವಿಡೀ ತಣ್ಣಗಿನ ಸಾರು ಉಣ್ಣುತ್ತಿದ್ದರು.

ಶೇಟರು ಸ್ವತಃ ಅಂಗಡಿಗೆ ಬಂದರು. “ಶಾಂಭವಮ್ಮ, ಮನೆ ವಾಪಸ್ ತಗೊಳ್ಳಿ ಅಂತಿದಾರೆ ಜನ. ಬರೋ ಹುಣ್ಣಿಮೆ ಒಳಗೆ ಸರಿ ಮಾಡಿ. ಇಲ್ಲ ಅಂದ್ರೆ ಕೆರೆ ಆಚೆ ಕೆಲಸ ಮರೆತುಬಿಡಿ, ಇದ್ದ ಗಿರಾಕಿಗಳಿಗೂ ನಾನೇ ಹೇಳ್ತೀನಿ.”

ಅಕ್ಕ ಅಂದೇ ಗುಡ್ಡಕ್ಕೆ ಹೋದಳು. ಪ್ರೇಮಲೀಲಾಳ ಬಚ್ಚಲಲ್ಲಿ ನಿಂತು, ಮೊದಲು ಹೇಳಿದ್ದು ತಪ್ಪು, ಅಜ್ಜಿ ಇಲ್ಲ, ಇಲ್ಲಿರುವವರು ಇವರು ಎಂದು ಕೂಗಿದಳು. ನೀರು ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದಳು. ಪೈಪಿನೊಳಗೆ ಏನೋ ಹಿಂದಕ್ಕೆ ಸರಿದ ಸದ್ದಾಯಿತು, ಅಷ್ಟೇ; ಮರುದಿನ ಅಜ್ಜಿಯ ನೀರೂ ಬರಲಿಲ್ಲ. ಅಕ್ಕ ಬಿಡಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿ ಕೂಗಿದಳು. ಹೋದ ಮನೆಯೆಲ್ಲ ಒಣಗಿತು. ಅಂದು ಮನೆಗೆ ಬಂದವಳು ಊಟಕ್ಕೆ ಕೂತು, “ಉಪ್ಪು” ಎನ್ನಲು ಬಾಯಿ ತೆರೆದಳು. ಉಸಿರು ಬಂತು, ಮಾತು ಬರಲಿಲ್ಲ. ಅಪ್ಪ ತುತ್ತನ್ನು ತಟ್ಟೆಗೆ ಹಾಕಿಬಿಟ್ಟರು. ಉಪ್ಪಿನ ಡಬ್ಬಿಯನ್ನು ಅವಳ ಮುಂದೆ ಸರಿಸಿ, ಅವಳ ಗಂಟಲಿಗೊಮ್ಮೆ, ತಮ್ಮ ಗಂಟಲಿಗೊಮ್ಮೆ ಬೆರಳು ತೋರಿಸಿದರು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಹೇಳಲು ದನಿಯಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ಬೆಳಿಗ್ಗೆ ಯಾರಿಗೂ ಹೇಳದೆ ಗುಡ್ಡ ಹತ್ತಿದೆ. ದಾರಿಯಲ್ಲಿ ಎರಡು ಸಲ ತಿರುಗಿ ಇಳಿಯತೊಡಗಿ, ಮತ್ತೆ ಹತ್ತಿದೆ. ಪ್ರೇಮಲೀಲಾ ಹೊಲಿಗೆ ಯಂತ್ರದ ಮುಂದಿದ್ದಳು. ಬೈಯುತ್ತಾಳೆಂದುಕೊಂಡಿದ್ದೆ, ಅವಳು ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಕೂರಲು ಜಾಗ ಮಾಡಿದಳು. ಮಾತಾಡಲು ಬಾರದವಳಿಗೆ ಕೂತು ಕೇಳುವುದು ಕಷ್ಟವಲ್ಲ. ಅವಳು ಹೊಲಿಯುತ್ತಾ ಹೇಳುತ್ತಲೇ ಹೋದಳು. ಹೊಸ ಬಟ್ಟೆಯ ಗಂಜಿ ಹೋಗುವಂತೆ ಎಷ್ಟು ನೀರಿನಲ್ಲಿ ನೆನೆಸಬೇಕು, ಮಲ್ಲೇಶಿ ಬಂದ ಕೂಡಲೇ ಕೈಕಾಲು ತೊಳೆಯದೆ ಒಳಗೆ ಬರುವುದಿಲ್ಲ, ಅತ್ತೆಯ ಜೊತೆ ಯಾಕೆ ಜಗಳವಾಯಿತು. ಆಮೇಲೆ ಯಂತ್ರ ನಿಲ್ಲಿಸಿದಳು.

“ನಿನ್ನೆಯಿಂದ ಬೆಳಗಿನ ಜಾವ ನೀರು ಬಂದಿಲ್ಲ. ಅದೇ ಹೊತ್ತಿಗೆ ಎಚ್ಚರ ಆಗ್ಬಿಡುತ್ತೆ ಕಣ್ರೀ. ಶುರುನಲ್ಲಿ ಸಿಟ್ಟು ಬರ್ತಿತ್ತು. ಆಮೇಲೆ, ನೀರು ಹೇಗೂ ಬಂದಿದೆಯಲ್ಲ ಅಂತ ನಾನೇ ಸ್ನಾನ ಮಾಡ್ಕೊಂಡು ಹೊಸಿಲಲ್ಲಿ ಕೂತ್ಕೋತಿದ್ದೆ. ಮನೇಲಿ ಇನ್ನೊಬ್ಬರು ಯಾರೋ ಎದ್ದಿದಾರೆ ಅನಿಸ್ತಿತ್ತು.” ದಾರವನ್ನು ಹಲ್ಲಿನಲ್ಲಿ ಕಡಿದಳು. “ಮಧ್ಯಾಹ್ನ ನೀರು ಬರೋ ಹಾಗೆ ಮಾಡಿ. ಆದ್ರೆ ಅವರನ್ನ ಪೂರ್ತಿ ಕಳಿಸಿಬಿಡಬೇಡಿ.”

ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ನಲ್ಲಿಯ ಬಾಯಿಗೆ ಬಾಯಿ ಹತ್ತಿರ ಮಾಡಿದೆ, ಅಕ್ಕನ ಕಿವಿಗೆ ಮಾಡುತ್ತಿದ್ದ ಹಾಗೆ. ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ನಾನೇ, ಎಂದೆ. ತುಂಗಜ್ಜಿಯ ಸುದ್ದಿ ಹೇಳಿದವಳು. ಅವರು ಇಲ್ಲಿಲ್ಲ, ಎಲ್ಲೂ ಇರಲಿಲ್ಲ, ನಾನು ಮಾಡಿದ್ದು. ಪೈಪಿನೊಳಗೆ ಸದ್ದಿರಲಿಲ್ಲ. ಆದರೂ ಯಾರೋ ಆ ಕಡೆ ಫೋನು ಹಿಡಿದುಕೊಂಡು ಇಟ್ಟುಬಿಡದೆ ನಿಂತಿದ್ದಾರೆ ಅನಿಸಿತು. ಹಾಗಾಗಿ ಮುಂದುವರಿಸಿದೆ. ಇಲ್ಲಿರುವವರು ಪ್ರೇಮಲೀಲಾ, ಮಲ್ಲೇಶಿ. ಮಧ್ಯಾಹ್ನ ಮೈದಾ ತೊಳೆಯಬೇಕು, ಸಂಜೆ ಬಟ್ಟೆ ನೆನೆಸಬೇಕು. ಬೆಳಗಿನ ಜಾವ ಪ್ರೇಮಲೀಲಾ ಬೇಗ ಏಳುತ್ತಾಳೆ. ಯಾಕೆ ಎಂದು ಕೇಳಬೇಡ, ಏಳುತ್ತಾಳೆ. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಅಷ್ಟು ಮಾತನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಕೆಳಗೆಲ್ಲೋ ಗುಡ್ಡದ ಬುಡದಲ್ಲಿ ಗಳಗಳ ಎಂದಿತು. ನೀರು ಬಂದು ನನ್ನ ಗಲ್ಲಕ್ಕೆ ತಾಗಿತು.

ಹೊರಗೆ ಬಂದರೆ ಜಗಲಿಯ ಮೇಲೆ ಅಕ್ಕ, ಏದುಸಿರು ಬಿಡುತ್ತಾ ಕೂತಿದ್ದಳು. ನನ್ನನ್ನು ಹುಡುಕಿಕೊಂಡು ಬಂದಿದ್ದಳು. ನನ್ನ ಒದ್ದೆ ಮುಖ ನೋಡಿದಳು, ಬಚ್ಚಲಿನ ಸದ್ದು ಕೇಳಿದಳು.

“ಕೂಗಲೇ ಇಲ್ಲ ನೀನು” ಎಂದಳು, ಇದ್ದ ಉಸಿರಿನಲ್ಲೇ.

“ಕಿವಿಯಲ್ಲಿ ಹೇಳಿದೆ.”

ಅಕ್ಕ ಬಚ್ಚಲಿನ ಬಾಗಿಲ ಕಡೆ ಮತ್ತೊಮ್ಮೆ ಕತ್ತು ತಿರುಗಿಸಿದಳು. ಅಳುತ್ತಾಳೇನೋ ಎಂದುಕೊಂಡೆ. “ಹಾಗಾದ್ರೆ ಗಂಟಲಿಲ್ಲದವರೂ ಮಾಡಬಹುದು” ಎಂದಳು. “ಇನ್ನು ನಾಲ್ಕು ಜನಕ್ಕೆ ಕಲಿಸು. ಮುಂದಿನ ಊರಿಗೂ ಹೋಗೋಣ.”

“ಒಂದು ಮನೆಗೆ ಒಂದು ಹೊತ್ತು ಬೇಕು ಅಕ್ಕ. ಕೂತು ಕೇಳಬೇಕು. ಮತ್ತೆ, ಖಾಲಿ ಮನೆಗೆ ನಾನು ಬರಲ್ಲ.”

ನಾನು ಅಕ್ಕನಿಗೆ ‘ಇಲ್ಲ’ ಎಂದದ್ದು ಅದೇ ಮೊದಲು. ಅವಳಿಗೆ ಸಿಟ್ಟು ಬಂತು, ಆದರೆ ಕೂಗಾಡಲು ದನಿಯಿರಲಿಲ್ಲ.

ಹುಣ್ಣಿಮೆಯ ಹೊತ್ತಿಗೆ ಗುಡ್ಡದ ಮನೆಗಳೆಲ್ಲ ಸರಿಹೋದವು. ಫಕೀರಪ್ಪನ ಬಚ್ಚಲು ಸುಮ್ಮನಾಯಿತು. ಅಭ್ಯಾಸವಾಗಿದೆ ಎಂದು ಅವನು ಪಕ್ಕದ ಮನೆಯ ಕೂಸನ್ನು ಆಡಿಸಲು ಹೋಗುವುದನ್ನು ಮಾತ್ರ ಬಿಡಲಿಲ್ಲ. ಬೇರೆ ಕರೆಯುವವರಿಲ್ಲದೆ ಅಕ್ಕ ನನ್ನ ಮಾತಿಗೆ ಒಪ್ಪಿ, ತಾನು ಹೇಳುವುದನ್ನು ಖಾದರಣ್ಣನ ಬಾಯಿಂದ ಹೇಳಿಸುತ್ತಾ ಶೇಟರ ಮುಂದೆ ಕೂತಳು: ಕೆರೆಯ ಆಚೆ ಪೈಪು ಹಾಕಿಕೊಡುತ್ತೇವೆ, ನೀರು ಮಾತ್ರ ಜನ ಬಂದ ಮೇಲೆ. ಶೇಟರು ನಕ್ಕರು. “ನೀರಿಲ್ಲದ ಮನೆ ಯಾರು ಕೊಳ್ತಾರೆ?” ಎಂದು ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಅಕ್ಕ ಅದನ್ನು ನುಂಗಿಕೊಳ್ಳಲು ತುಂಬ ದಿನ ತೆಗೆದುಕೊಂಡಳು. ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅಂಗಡಿ ಬೆಳೆಯಬಹುದಾಗಿದ್ದಷ್ಟು ಬೆಳೆಯದಿದ್ದದ್ದು ನನ್ನಿಂದ. ಅದು ನನಗೂ ಗೊತ್ತು. ಅದನ್ನು ಯೋಚಿಸಿದಾಗೆಲ್ಲ ಎದ್ದು ಪೈಪು ಜೋಡಿಸುತ್ತಿದ್ದೆ.

ಗುಡ್ಡದಲ್ಲಿ ಒಂದು ಮನೆ ಉಳಿದಿತ್ತು, ಕೊನೆಯದು. ನೋಡಲು ಹೋದವರು ಹೊಸಿಲು ದಾಟಿ ಒಂದು ಗಳಿಗೆ ನಿಂತು, ‘ಯಾರೋ ಇದ್ದಾರಲ್ಲ ಇಲ್ಲಿ’ ಎಂದು ಸಂಕೋಚದಿಂದ ಹೊರಗೆ ಬಂದುಬಿಡುತ್ತಿದ್ದರಂತೆ. ಅಕ್ಕನ ಗಂಟಲಿಗೆ ಅರ್ಧದಷ್ಟು ದನಿ ವಾಪಸು ಬಂದಿತ್ತು. ಆ ಅರ್ಧ ದನಿಯಲ್ಲೇ ಶೇಟರ ಹತ್ತಿರ ಹಟಹಿಡಿದು ಆ ಮನೆಯನ್ನು ಬಾಡಿಗೆಗೆ ಮಾತಾಡಿ ಬಂದಳು.

“ಬ್ರಾಂಚು” ಎಂದಳು ನನ್ನ ಮುಂದೆ ಬೀಗದ ಕೈ ಇಟ್ಟು. “ಗುಡ್ಡದ ಮೇಲೆ ಇನ್ನೂ ಜನ ಮನೆ ಕಟ್ಟಿಸ್ತಿದಾರೆ. ಅವರೆಲ್ಲ ಬಂದು ಕೂತು ಮಾತಾಡೋಕೆ ಒಂದು ಜಾಗ ಬೇಕಲ್ಲ. ನಿನ್ನ ಆಮೆ ನಡಿಗೆಗೆ ಇಷ್ಟು ಸಾಕು. ಆದ್ರೆ ಮೊದಲು ಹೋಗಿ ಆ ಹುಡುಗಿ ಯಾರೂ ಇಲ್ಲ ಅಂತ ನೀರಿಗೆ ಹೇಳಿ ಬಾ.”

ಅಪ್ಪ ಕುರ್ಚಿಯನ್ನು ಗುಡ್ಡದ ಕಡೆ ತಿರುಗಿಸಿಕೊಂಡಿದ್ದರು. ನಾನು ಹೊರಟಾಗ ರಿಂಚಿನಿಂದ ಪೈಪಿಗೆ ಮೆಲ್ಲಗೆ ಒಮ್ಮೆ ತಟ್ಟಿದರು.

ಬೀಗ ತೆಗೆದು ಒಳಗೆ ಹೋದೆ. ಸುಣ್ಣದ ವಾಸನೆ, ಖಾಲಿ ಗೋಡೆ, ಕಿಟಕಿಯ ಹತ್ತಿರ ಬಿಸಿಲು. ಅಡಿಗೆಮನೆಯ ನಲ್ಲಿಯ ಮುಂದೆ ನಿಂತು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆ ಹುಡುಗಿ ಇಲ್ಲ, ನಾನು ಮಾಡಿದ್ದು, ಅಕ್ಕನಿಗೆ ಹಸಿವಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಪೈಪು ಗಳಗಳ ಎಂದಿತು. ಹನ್ನೊಂದರ ಹೊತ್ತು. ನೀರು ತೆಳ್ಳಗೆ ಬಂತು, ಒಂದು ಲೋಟಕ್ಕೆ ಬೇಕಾಗುವಷ್ಟು. ಆಮೇಲೆ ನಿಂತಿತು. ಸ್ವಲ್ಪ ತಡೆದು, ಗಿಡಕ್ಕೆ ಬೇಕಾಗುವಷ್ಟು ಬಂತು. ಇಷ್ಟು ದಿನವೂ ಅದು ಹೀಗೇ ಬಂದು ಹೋಗುತ್ತಿದ್ದಿರಬೇಕು, ಯಾರೂ ಇಲ್ಲದ ತೊಟ್ಟಿಗೆ.

ಕೆಳಗಿನ ರಸ್ತೆಯಲ್ಲಿ ಗೂಡ್ಸ್ ಆಟೋ ನಿಲ್ಲಿಸಿ ಖಾದರಣ್ಣ ಹಾರ್ನು ಹೊಡೆಯುತ್ತಿದ್ದ; ಬ್ರಾಂಚಿಗೆ ಕುರ್ಚಿ ತಂದಿದ್ದ. ಆ ಹುಡುಗಿ ಇಲ್ಲ ಎನ್ನಲು ನಾನು ಬಾಗಲಿಲ್ಲ, ನಲ್ಲಿಯ ಹತ್ತಿರ ಬಾಯಿ ಒಯ್ಯಲಿಲ್ಲ. ನಿಂತಲ್ಲಿಂದಲೇ, ಪಕ್ಕದ ಕೋಣೆಯಲ್ಲಿರುವವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಬಂದೆ” ಎಂದೆ.